"ಆ ನೆಲ ಒರೆಸಿದ್ದು ನಾನೇ"

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬ್ರಹ್ಮಾವರದ ಆಚೆಯ ಒಂದು ಹಳ್ಳಿಮನೆ. ಅತ್ತೆಗೆ 74 ವರ್ಷ. ಮಗ ದುಬೈಯಲ್ಲಿ, ಸೊಸೆ ಮನೆಯಲ್ಲಿ. ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ ಒಂದು ಬೆಳಿಗ್ಗೆ ಅತ್ತೆ ಬಚ್ಚಲಿಗೆ ಹೋಗುವಾಗ ಜಾರಿ, ಪಕ್ಕಕ್ಕೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮರುದಿನವೇ ಆಪರೇಷನ್ ಆಯಿತು. ಅದೇ ಸರಿ, ತಡವಾದಷ್ಟೂ ಮಲಗಿದಲ್ಲೇ ನ್ಯುಮೋನಿಯಾ, ಬೆನ್ನಿಗೆ ಹುಣ್ಣು ಇಂಥ ತೊಂದರೆಗಳು ಜಾಸ್ತಿ.

ಐದು ತಿಂಗಳಾದ ಮೇಲೆ ಸೊಸೆ ಸಲಹೆ ಕೇಳಲು ನನ್ನ ಹತ್ತಿರ ಬಂದರು. ಮೂಳೆ ಕೂಡಿದೆ, ನಡೆಯಲಿ ಅಂತ ಡಾಕ್ಟರು ಹೇಳಿದರೂ ಅತ್ತೆ ಮಂಚ ಬಿಟ್ಟು ಏಳುವುದಿಲ್ಲ ಎಂದರು. ಅರ್ಧ ಗಂಟೆ ಬರೀ ಅತ್ತೆಯ ಮಾತೇ. ಕೊನೆಗೆ ತಲೆ ತಗ್ಗಿಸಿ, "ಆವತ್ತು ಆ ನೆಲ ಒರೆಸಿದ್ದು ನಾನೇ ಮೇಡಂ" ಅಂದರು. ಮನೆಯಲ್ಲಿ ಯಾರೂ ಅವರನ್ನು ದೂರಿರಲಿಲ್ಲ. ಆದರೆ ಗಂಡ ರಾತ್ರಿ ಫೋನ್ ಮಾಡಿ "ಅಮ್ಮನನ್ನು ಏಳಲು ಬಿಡಬೇಡ" ಅಂದಾಗಲೆಲ್ಲ ಅವರಿಗೆ ಅದು ದೂರಿನ ಹಾಗೇ ಕೇಳಿಸುತ್ತಿತ್ತು. ಹಾಗಾಗಿ ಊಟ, ಸ್ನಾನ ಎಲ್ಲ ಮಂಚದ ಹತ್ತಿರವೇ.

ನಾನು ಮೊದಲು ಹೇಳಿದ್ದು ಮೂಳೆಯ ವಿಷಯ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ನಿಂತಲ್ಲಿಂದ ಬಿದ್ದು ಸೊಂಟ ಮುರಿಯಿತು ಎಂದರೆ ಹೆಚ್ಚಿನ ಸಲ ಮೂಳೆ ಮೊದಲೇ ದುರ್ಬಲವಾಗಿರುತ್ತದೆ. ಒದ್ದೆ ನೆಲ ಒಂದು ನೆಪ ಅಷ್ಟೇ. "ನಮ್ಮನೆಗೆ ಮಾತ್ರ ಯಾಕೆ ಹೀಗೆ?" ಎಂದು ಕೇಳಿದರು. ನಿಮ್ಮನೆಗೆ ಮಾತ್ರ ಅಲ್ಲಮ್ಮ. 1990ರಲ್ಲಿ ಜಗತ್ತಿನಲ್ಲಿ ಸುಮಾರು 17 ಲಕ್ಷ ಸೊಂಟ ಮುರಿತಗಳಾಗಿದ್ದವು, 2050ಕ್ಕೆ ಅದು 60 ಲಕ್ಷ ದಾಟಬಹುದು, ಅರ್ಧದಷ್ಟು ಏಷ್ಯಾದಲ್ಲೇ ಎಂದು 1992ರಲ್ಲೇ ತಜ್ಞರು ಲೆಕ್ಕ ಹಾಕಿದ್ದರು. ಈಗ ಜನ ಜಾಸ್ತಿ ವರ್ಷ ಬದುಕುವುದೇ ಇದಕ್ಕೆ ಕಾರಣ. ಆದರೆ ಅಮೆರಿಕದಲ್ಲಿ 1995ರ ನಂತರದ ಹತ್ತು ವರ್ಷ, ಅಷ್ಟೇ ವಯಸ್ಸಾದವರನ್ನು ಹೋಲಿಸಿ ನೋಡಿದರೆ ಇದು ಕಡಿಮೆಯಾಗುತ್ತಾ ಬಂತು. ವಯಸ್ಸಾದ ಮೇಲೆ ಇದು ಆಗಲೇಬೇಕು ಅಂತೇನಿಲ್ಲ ಅಲ್ವಾ?

ಆಮೇಲೆ ಮನೆಗೇ ಹೋದೆ. ಅತ್ತೆ ನನ್ನ ಕೈ ಹಿಡಿದು ಹೇಳಿದರು, "ನೋವಿಲ್ಲ ಮಗಾ. ಇನ್ನೊಮ್ಮೆ ಬಿದ್ದರೆ ಈ ಹುಡುಗಿಗೆ ಎಷ್ಟು ಕಷ್ಟ, ಅದಕ್ಕೇ ಏಳುವುದಿಲ್ಲ." ಸೊಸೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. ಇಬ್ಬರೂ ಒಬ್ಬರಿಗಾಗಿ ಇನ್ನೊಬ್ಬರು ಸುಮ್ನೆ ಒಳಗೊಳಗೇ ನೋಯುತ್ತಿದ್ದರು. ನೆಲ ಒರೆಸಿದ ಮಾತನ್ನು ಅಲ್ಲೇ ಅತ್ತೆಯ ಎದುರು ಹೇಳಿಸಿದೆ. ಇಬ್ಬರೂ ಅತ್ತರು.

ಮಲಗಿಸಿಟ್ಟರೆ ಕಾಲಿನ ಬಲ ಹೋಗುತ್ತದೆ, ಬಲ ಹೋದರೆ ಮತ್ತೆ ಬೀಳುತ್ತಾರೆ. ಇದನ್ನು ಮಗನಿಗೂ ವಿಡಿಯೋ ಕಾಲ್‌ನಲ್ಲಿ ಬಿಡಿಸಿ ಹೇಳಿದೆ. "ಏಳಬೇಡ" ಬದಲು "ಇವತ್ತು ಎಷ್ಟು ನಡೆದೆ ಅಮ್ಮ?" ಎಂದು ಕೇಳಿ ಅಂದೆ. ಫಿಸಿಯೋಥೆರಪಿಸ್ಟ್ ಕಲಿಸಿದ ಹಾಗೆ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು, ಸೊಸೆ ಪಕ್ಕದಲ್ಲಿರುವಾಗಲೇ. ಬಚ್ಚಲಲ್ಲಿ ಹಿಡಿಕೆ, ರಾತ್ರಿ ಸಣ್ಣ ಲೈಟ್, ಅಂಗಳದ ಹಾವಸೆ ಕೆರೆದು ತೆಗೆಯುವುದು. ಒಂದು ಸೊಂಟ ಮುರಿದವರಿಗೆ ಇನ್ನೊಂದೂ ಮುರಿಯುವ ಅಪಾಯ ಹೆಚ್ಚು. ಆದರೂ ಇವರಿಗೆ ಮೂಳೆ ಗಟ್ಟಿ ಮಾಡುವ ಔಷಧಿಯ ಮಾತನ್ನು ಯಾರೂ ಎತ್ತಿರಲಿಲ್ಲ. ನನಗೆ ತುಂಬಾ ಬೇಸರವಾದದ್ದು ಇದಕ್ಕೆ. ಮೂಳೆ ಸಾಂದ್ರತೆಯ ಪರೀಕ್ಷೆ ಮತ್ತು ಔಷಧಿಯ ಬಗ್ಗೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ, ತಲೆಸುತ್ತು ತಂದು ಬೀಳಿಸಬಹುದಾದ ಬಿಪಿ ಮತ್ತು ನಿದ್ದೆ ಮಾತ್ರೆಗಳನ್ನೂ ತೋರಿಸಿ, ಕಣ್ಣು ಪರೀಕ್ಷೆ ಮಾಡಿಸಿ ಎಂದೆ.

ಈಗ ಅತ್ತೆ ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ಹೋಗುತ್ತಾರೆ. ರಾತ್ರಿ ಮಾತ್ರ ಇನ್ನೂ ಸೊಸೆಯನ್ನು ಎಬ್ಬಿಸಿಯೇ ಏಳುತ್ತಾರೆ, ಸೊಸೆಗೆ ಅದೇ ಸಮಾಧಾನವಂತೆ.