‘ಗ್ಯಾಸ್ ಆಫ್ ಆಗಿದೆ ಅಲ್ವಾ?’ ಎಂದು ಕೇಳುತ್ತಲೇ ಇರುತ್ತಾರೆ, ಏನು ಹೇಳಲಿ?

ಪ್ರಶ್ನೆ: ನನ್ನ ಗಂಡನಿಗೆ 34 ವರ್ಷ. ರಾತ್ರಿ ಗ್ಯಾಸ್, ಬಾಗಿಲ ಚಿಲಕ ಹತ್ತಾರು ಸಲ ನೋಡುತ್ತಾರೆ. ಮಲಗಿದ ಮೇಲೂ ‘ಆಫ್ ಆಗಿದೆ ಅಲ್ವಾ?’ ಎನ್ನುತ್ತಾರೆ. ‘ಆಗಿದೆ’ ಎಂದರೆ ಐದು ನಿಮಿಷ ಸುಮ್ಮನಿದ್ದು ಮತ್ತೆ ಅದೇ ಪ್ರಶ್ನೆ. ಒಸಿಡಿ (ಬೇಡವೆಂದರೂ ಅದೇ ಅನುಮಾನ ಬಂದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ) ಎಂದು ವೈದ್ಯರು ಸರ್ಟ್ರಾಲಿನ್ ಎಂಬ ಮಾತ್ರೆ ಕೊಟ್ಟು ಮೂರು ವಾರವಾಯಿತು. ಏನೂ ಗುಣ ಕಾಣದೆ ಮಾತ್ರೆ ಬಿಡುತ್ತೇನೆ ಅನ್ನುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ: ಮಾತ್ರೆಯನ್ನು ದಯವಿಟ್ಟು ಈಗಲೇ ಬಿಡಿಸಬೇಡಿ. ಒಸಿಡಿಯಲ್ಲಿ ಈ ಮಾತ್ರೆ ಹಿಡಿಯಿತೋ ಇಲ್ಲವೋ ಎಂದು ಹೇಳಲು 8ರಿಂದ 12 ವಾರ ಬೇಕು. ಖಿನ್ನತೆಗೆ ಕೊಡುವುದಕ್ಕಿಂತ ಜಾಸ್ತಿ ಡೋಸ್ ಬೇಕಾಗುವುದೂ ಉಂಟು. ಹೊಟ್ಟೆ ತೊಳಸುವುದು, ನಿದ್ದೆಗೆಡುವುದು ಇದ್ದರೆ ವೈದ್ಯರಿಗೆ ತಿಳಿಸಿ.

ಈಗ ನೀವು ಕೊಡುವ ಉತ್ತರದ ಬಗ್ಗೆ. ‘ಆಗಿದೆ’ ಎಂದು ನೀವು ಹೇಳುವುದು ಪ್ರೀತಿಯಿಂದಲೇ. ಆದರೆ ಅದು ತುರಿಕೆ ಕೆರೆದ ಹಾಗೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಕೇಳಿದರೆ ಮಾತ್ರ ಸಮಾಧಾನ ಎಂದು ಮನಸ್ಸು ಕಲಿತುಬಿಡುತ್ತದೆ. ಗ್ಯಾಸ್ ಆಫ್ ಆಗಿರುವುದು ಅವರಿಗೆ ಗೊತ್ತು, ಆದರೂ ನಂಬಿಕೆ ಕೂರುವುದಿಲ್ಲ. ಮತ್ತೆ ಮತ್ತೆ ನೋಡಿದಷ್ಟೂ ತಮ್ಮ ನೆನಪಿನ ಮೇಲಿನ ಭರವಸೆ ಇನ್ನೂ ಕುಗ್ಗುತ್ತದೆ. ಹಾಗಾಗಿ ಬೈದರೂ ವಾದ ಮಾಡಿದರೂ ಉಪಯೋಗವಿಲ್ಲ, ಪಾಪ ಅವರಿಗೇ ನಾಚಿಕೆಯಾಗಿರುತ್ತದೆ.

ಹಾಗಂತ ಇವತ್ತು ರಾತ್ರಿಯಿಂದಲೇ ಬಾಯಿ ಮುಚ್ಚಿಕೊಂಡರೆ ಅವರು ದಿಕ್ಕೆಟ್ಟು ಹೋಗುತ್ತಾರೆ. ಹಗಲು ಹೊತ್ತು, ಮನಸ್ಸು ತಿಳಿಯಾಗಿರುವಾಗ ಇಬ್ಬರೂ ಕೂತು ಮಾತಾಡಿ. ಒಂದು ಸಲ ಮಾತ್ರ ಉತ್ತರ, ಎರಡನೇ ಸಲ ಕೇಳಿದರೆ ಏನು ಹೇಳಬೇಕು ಎಂದು ಅವರೇ ಒಪ್ಪಲಿ. ಉದಾಹರಣೆಗೆ: ‘ಇದು ಒಸಿಡಿ ಕೇಳ್ತಿರೋ ಪ್ರಶ್ನೆ ರೀ. ಉತ್ತರ ಕೊಡಲ್ಲ, ನಿಮ್ಮ ಜೊತೆ ಕೂತಿರ್ತೀನಿ.’ ಮೊದಮೊದಲು ಎದೆ ಢವಗುಟ್ಟುತ್ತದೆ, ಸಿಟ್ಟೂ ಬರಬಹುದು. ಎದ್ದು ಹೋಗಿ ನೋಡದೆ ಆ ಹೊತ್ತನ್ನು ಕಳೆದರೆ, ಅನುಮಾನ ಇಟ್ಟುಕೊಂಡೇ ಮಲಗಬಹುದು ಎಂಬುದು ನಿಧಾನವಾಗಿ ಅನುಭವಕ್ಕೆ ಬರುತ್ತದೆ. ನೀವು ಯಾವತ್ತೋ ಸೋತು ‘ಆಗಿದೆ’ ಅಂದುಬಿಟ್ಟರೆ ಬೇಸರ ಬೇಡ.

ಇದನ್ನೇ ಕ್ರಮವಾಗಿ, ಸಣ್ಣ ಭಯದಿಂದ ಶುರುಮಾಡಿ ಕಲಿಸುವ ಚಿಕಿತ್ಸೆಗೆ ಇಆರ್‌ಪಿ ಎನ್ನುತ್ತಾರೆ. ಒಸಿಡಿಗೆ ಇದು ತುಂಬಾ ಒಳ್ಳೆಯ ಚಿಕಿತ್ಸೆ. ಮಾತ್ರೆ ಜೊತೆಗೇ ಇದನ್ನೂ ಮಾಡಿಸುವ ಮನಶ್ಶಾಸ್ತ್ರಜ್ಞರ ಬಳಿ ಕಳಿಸಲು ವೈದ್ಯರನ್ನು ಕೇಳಿ. ಅವರ ಬಾಯಲ್ಲಿ ಸಾಯುವ ಮಾತು ಬಂದರೆ ಕಾಯಬೇಡಿ, ಕೂಡಲೇ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಮುಂದಿನ ಭೇಟಿಗೆ ನೀವೂ ಜೊತೆಗೆ ಹೋಗಿ. ದಿನಕ್ಕೆ ಎಷ್ಟು ಹೊತ್ತು ಇದರಲ್ಲೇ ಕಳೆಯುತ್ತದೆ ಎಂದು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಸಂಕೋಚಕ್ಕೆ ತುಂಬಾ ಜನ ವೈದ್ಯರ ಮುಂದೆ ಅರ್ಧವನ್ನಷ್ಟೇ ಹೇಳುತ್ತಾರೆ.