ನಿಮ್ಮ ಕಥೆಗೆ 1944 ಮೊದಲೇ ಗೊತ್ತಿದೆ

ಆತ್ಮೀಯರೇ, ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡ 1940ರ ಬೇಸಿಗೆಯಲ್ಲಿ, ಆ ದೇಶದ ಪಶ್ಚಿಮದ ಬ್ರಿಟ್ಟನಿ ಕರಾವಳಿಯ ಮೀನುಗಾರರ ಮನೆಯ ಹತ್ತೊಂಬತ್ತರ ಹುಡುಗ ದೋಣಿ ಹತ್ತಿ ಇಂಗ್ಲೆಂಡಿಗೆ ಹೋಗುತ್ತಾನೆ. ಸೋಲೊಪ್ಪದೆ ಲಂಡನ್ನಿಗೆ ಬಂದಿದ್ದ ಫ್ರೆಂಚ್ ಜನರಲ್ ಡಿ ಗಾಲ್ ಅವರ ಸ್ವತಂತ್ರ ಫ್ರಾನ್ಸ್ ಪಡೆ ಸೇರುತ್ತಾನೆ. 1943ರಲ್ಲಿ ನಿಸ್ತಂತು ಯಂತ್ರದೊಂದಿಗೆ ಪ್ಯಾರಾಶೂಟಿನಲ್ಲಿ ತಾಯ್ನಾಡಿಗೆ ಇಳಿದು, ಲಿಯಾನ್ ನಗರದಲ್ಲಿ ಸಿಕ್ಕಿಬಿದ್ದು ಪ್ರಾಣ ಬಿಡುತ್ತಾನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲಿನ ವಿಷಾದ ಪತ್ರ ಕಳುಹಿಸಿ ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೆ ಎರಡನೆಯ ಪುಟದ ಒಂದು ವಾಕ್ಯ ಕಾರಣ. ಮಗ ಹೊರಟುಹೋದ ಮರುದಿನವೂ ತಾಯಿ ಮೇಜಿನ ಮೇಲೆ ಅವನ ಬಟ್ಟಲನ್ನು ಇಡುತ್ತಾಳೆ. ನೆನಪಿಗಾಗಿ ಅಲ್ಲ, ನೆರೆಯವರು ಬಂದು ಎಣಿಸಿದರೆ ಒಂದು ಕಡಿಮೆ ಇರಬಾರದೆಂದು. ಈ ವಾಕ್ಯ ಬರೆದವರಿಗೆ ಕಥೆ ಬರೆಯಲು ಬರುತ್ತದೆ.

ಆ ತಾಯಿಗೆ ಮುಂದೇನಾಗುತ್ತದೆಂದು ಗೊತ್ತಿಲ್ಲ. ಉಳಿದ ಇಪ್ಪತ್ತು ಪುಟಗಳಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿದೆ. ಜರ್ಮನಿ ಸೋಲುತ್ತದೆ, 1944ರಲ್ಲಿ ಪ್ಯಾರಿಸ್ ಬಿಡುಗಡೆಯಾಗುತ್ತದೆ, ಡಿ ಗಾಲ್ ಗೆದ್ದು ಬರುತ್ತಾರೆ ಎಂದು ತಿಳಿದವರಂತೆಯೇ ನಿಮ್ಮ ಹುಡುಗ, ಅವನ ತಂಗಿ, ಊರಿನ ಪಾದ್ರಿ ಎಲ್ಲರೂ ಮಾತನಾಡುತ್ತಾರೆ. ಗೆಲ್ಲುವುದು ಖಚಿತವಾದ ಮೇಲೆ ಧೈರ್ಯಕ್ಕೆ ಬೆಲೆಯೇನು? ನನ್ನ ಆಕ್ಷೇಪಣೆಯೆಲ್ಲ ಇಷ್ಟೇ. ಅದು ಎಲ್ಲೆಲ್ಲಿ ಕಥೆಯನ್ನು ಕೆಡಿಸಿದೆ ಎಂದು ಮಾತ್ರ ಹೇಳುತ್ತೇನೆ.

ಮೊದಲ ದೃಶ್ಯದಲ್ಲಿ 1940ರ ಜೂನ್ 18ರ ಸಂಜೆ ಊರಿಗೆ ಊರೇ ರೇಡಿಯೋ ಮುಂದೆ ನೆರೆದು, ಹೋರಾಟ ಮುಂದುವರಿಸಿ ಎಂದು ಲಂಡನ್ನಿನಿಂದ ಕರೆಕೊಟ್ಟ ಡಿ ಗಾಲ್ ಅವರ ಭಾಷಣ ಕೇಳಿ ಕಣ್ಣೀರಿಡುತ್ತದೆ. ಆ ಸಂಜೆ ಅದನ್ನು ಕೇಳಿದವರು ತೀರ ಕಡಿಮೆ. ಬಿಬಿಸಿ ಅದರ ಧ್ವನಿಮುದ್ರಣವನ್ನೂ ಉಳಿಸಿಕೊಳ್ಳಲಿಲ್ಲ. ಲಕ್ಷಾಂತರ ಜನ ಗಾಡಿ, ಸೈಕಲ್ಲು, ಮಕ್ಕಳ ತಳ್ಳುಗಾಡಿಗಳಲ್ಲಿ ಸಾಮಾನು ಹೇರಿಕೊಂಡು ದಕ್ಷಿಣದ ರಸ್ತೆಗಳಲ್ಲಿ ಓಡುತ್ತಿದ್ದರು. ರೇಡಿಯೋ ಹಚ್ಚಿ ಕೂರುವ ಸ್ಥಿತಿಯಲ್ಲಿ ಯಾರಿದ್ದರು? ‘ಫ್ರಾನ್ಸ್ ಒಂದು ಕದನದಲ್ಲಿ ಸೋತಿದೆ, ಯುದ್ಧದಲ್ಲಿ ಸೋತಿಲ್ಲ’ ಎಂಬ ಮಾತನ್ನು ನೀವು ಆ ಭಾಷಣಕ್ಕೆ ಸೇರಿಸಿದ್ದೀರಿ. ಅದು ಭಾಷಣದ ಸಾಲಲ್ಲ, ಲಂಡನ್ನಿನ ಗೋಡೆಗಳಿಗೆ ಆಗಸ್ಟಿನಲ್ಲಿ ಹಚ್ಚಿದ ಭಿತ್ತಿಪತ್ರದ್ದು. ಬ್ರಿಟ್ಟನಿಯ ಎದುರಿನ ಪುಟ್ಟ ಸೇನ್ ದ್ವೀಪದಿಂದ 120ಕ್ಕೂ ಹೆಚ್ಚು ಗಂಡಸರು ತಮ್ಮ ದೋಣಿಗಳಲ್ಲಿ ಇಂಗ್ಲೆಂಡಿಗೆ ಹೊರಟದ್ದು ನಿಜ. ನಿಮಗೆ ಸ್ಫೂರ್ತಿ ಅಲ್ಲಿಂದಲೇ ಬಂದಿರಬೇಕು. ಆದರೆ ಅದು ಆ ದ್ವೀಪದ ವಿಶೇಷ. ಅದನ್ನು ಇಡೀ ದೇಶಕ್ಕೆ ಹಂಚಿದರೆ ದ್ವೀಪದವರ ಹೆಗ್ಗಳಿಕೆಯೇ ಕರಗಿಹೋಗುತ್ತದೆ.

ಇನ್ನು ಪೆತಾಂ. ನಿಮ್ಮ ಊರಿನಲ್ಲಿ ಎಲ್ಲರೂ ಅವರನ್ನು ಮೊದಲ ದಿನದಿಂದಲೇ ದ್ರೋಹಿ ಎನ್ನುತ್ತಾರೆ. ಹಾಗಿರಲಿಲ್ಲ. ಅವರು 84 ವರ್ಷದ ಮಾರ್ಷಲ್, ಹಿಂದಿನ ಮಹಾಯುದ್ಧದಲ್ಲಿ ವರ್ದಾಂ ಕೋಟೆಯನ್ನು ಉಳಿಸಿದವರೆಂದು ಮನೆಮನೆಯಲ್ಲಿ ಪೂಜೆಗೊಂಡಿದ್ದವರು. ಜೂನ್ 17ರಂದು ಅವರು ಹೊಸ ಪ್ರಧಾನಿಯಾಗಿ ಹೋರಾಟ ನಿಲ್ಲಿಸಬೇಕು ಎಂದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. ಜುಲೈ 10ರಂದು ವಿಷಿ ಪಟ್ಟಣದಲ್ಲಿ ಸಂಸತ್ ಸದಸ್ಯರು 569ಕ್ಕೆ 80 ಮತಗಳಿಂದ ಪೂರ್ಣಾಧಿಕಾರವನ್ನು ಅವರ ಕೈಗಿತ್ತರು. ಆಗಸ್ಟಿನಲ್ಲಿ ಸೇನಾ ನ್ಯಾಯಾಲಯವೊಂದು ಡಿ ಗಾಲ್ ಅವರಿಗೆ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. ಕಾನೂನಿನ ಕಣ್ಣಿನಲ್ಲಿ ನಿಮ್ಮ ಹುಡುಗ ವೀರನಲ್ಲ, ಸೇನಾಧಿಕಾರಿಯೊಬ್ಬನ ದಂಗೆಗೆ ಕೈಜೋಡಿಸಿದ ಅಪರಾಧಿ. ಅವನ ಅಪ್ಪ ವರ್ದಾಂನಲ್ಲಿ ಪೆತಾಂ ಕೆಳಗೆ ಹೋರಾಡಿದ್ದವನಾಗಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತು, ಯೋಚಿಸಿ ನೋಡಿ.

ಈಗ ನನಗೆ ನಿಜಕ್ಕೂ ನೋವುಂಟುಮಾಡಿದ ಜಾಗಕ್ಕೆ ಬರುತ್ತೇನೆ. ಹುಡುಗ ಜೂನ್ ಕೊನೆಗೆ ಇಂಗ್ಲೆಂಡ್ ತಲುಪುತ್ತಾನೆ. ನೀವು ‘ತಿಂಗಳುಗಳು ಉರುಳಿದವು’ ಎಂದು ಬರೆದು 1941ಕ್ಕೆ ಜಿಗಿದಿದ್ದೀರಿ. ನಡುವೆ ಜುಲೈ 3 ಬಂದುಹೋಯಿತು! ಅಂದು ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್ ಬಂದರಿನಲ್ಲಿ ಲಂಗರು ಹಾಕಿದ್ದ ಫ್ರೆಂಚ್ ಯುದ್ಧನೌಕೆಗಳ ಮೇಲೆ ಬ್ರಿಟಿಷ್ ನೌಕಾಪಡೆ ಗುಂಡಿನ ಮಳೆಗರೆಯಿತು. ಹಡಗುಗಳು ಹಿಟ್ಲರನ ಕೈಸೇರಬಾರದೆಂಬುದು ಕಾರಣ. ಸುಮಾರು 1,300 ಫ್ರೆಂಚ್ ನಾವಿಕರು ಸತ್ತರು. ಅವರಲ್ಲಿ ಬ್ರಿಟ್ಟನಿಯವರು ಬಹಳ ಮಂದಿ, ನಿಮ್ಮ ಹುಡುಗನ ಊರುಕೇರಿಯವರು. ತಾನು ಯಾರ ಅನ್ನ ತಿನ್ನುತ್ತಿದ್ದಾನೋ ಅವರೇ ತನ್ನವರನ್ನು ಕೊಂದಿದ್ದಾರೆ ಎಂಬ ಸುದ್ದಿ ಶಿಬಿರಕ್ಕೆ ಬಂದ ರಾತ್ರಿ ಅವನು ಏನು ಮಾಡಿದ? ಪಕ್ಕದ ಹಾಸಿಗೆಯವನು ಎದ್ದು ಗಂಟುಮೂಟೆ ಕಟ್ಟಿದನೇ? ಇಂಗ್ಲೆಂಡಿನಲ್ಲಿದ್ದ ಫ್ರೆಂಚ್ ಸೈನಿಕರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನೇ ಆರಿಸಿಕೊಂಡರು. ಆ ತಿಂಗಳ ಕೊನೆಗೆ ಡಿ ಗಾಲ್ ಬಳಿ ಉಳಿದವರು ಸುಮಾರು 7 ಸಾವಿರ. ಜುಲೈ 8ರಂದು ಅವರು ರೇಡಿಯೋದಲ್ಲಿ ದುಃಖವನ್ನು ಮುಚ್ಚಿಡಲಿಲ್ಲ. ಆದರೂ ಆ ಹಡಗುಗಳು ಶತ್ರುವಿನ ಪಾಲಾಗುವುದಕ್ಕಿಂತ ನಾಶವಾದದ್ದೇ ಮೇಲು ಎಂದರು. ಆ ಮಾತನ್ನು ಕೇಳಿಯೂ ನಿಮ್ಮ ಹುಡುಗ ಅಲ್ಲೇ ಉಳಿದನಲ್ಲ, ಏಕೆ ಉಳಿದ? ಕಥೆಯ ಜೀವ ಇರುವುದು ಅಲ್ಲಿ. ನೀವು ಅದನ್ನು ಎರಡು ಪದಗಳಲ್ಲಿ ದಾಟಿಬಿಟ್ಟಿದ್ದೀರಿ.

ಲಿಯಾನ್ ಭಾಗದಲ್ಲಿ ತಪ್ಪುಗಳು ಸಣ್ಣವು, ಆದರೆ ಸಣ್ಣ ತಪ್ಪಿನಿಂದಲೇ ಅಲ್ಲಿ ತಲೆ ಹೋಗುತ್ತಿತ್ತು. ತಂಗಿ ತನ್ನ ಪಡಿತರ ಚೀಟಿ ಕೊಟ್ಟು ಸಿಗರೇಟು ಕೊಳ್ಳುತ್ತಾಳೆ. ಹೆಂಗಸರಿಗೆ ತಂಬಾಕಿನ ಚೀಟಿಯೇ ಇರಲಿಲ್ಲ. ಅಣ್ಣ ಹೋಟೆಲಿನಲ್ಲಿ ಹಾಲು ಬೆರೆಸಿದ ಕಾಫಿ ತರಿಸುತ್ತಾನೆ. ಹಾಲೂ ಇರಲಿಲ್ಲ, ಕಾಫಿಯೂ ಇರಲಿಲ್ಲ. ಹುರಿದ ಬಾರ್ಲಿ, ಚಿಕೋರಿಗಳ ಕಷಾಯವಿತ್ತು. ಹಾಗೆ ಕೇಳಿದವನನ್ನು ಪಕ್ಕದ ಮೇಜಿನವನು ತಿರುಗಿ ನೋಡುತ್ತಿದ್ದ. ನೀವು ಬರೆದಂತೆ ಒಂದೇ ಅಟ್ಟದಿಂದ ರಾತ್ರಿಯಿಡೀ ಸಂದೇಶ ಕಳುಹಿಸಿದರೆ ವಾರ ಕಳೆಯುವುದರೊಳಗೆ ಹಿಡಿದುಬಿಡುತ್ತಿದ್ದರು. ಯಂತ್ರ ಒಂದು ಸೂಟ್‌ಕೇಸಿನಷ್ಟು. ತಂತಿ ಹರಡಬೇಕು, ಬೇಗ ಮುಗಿಸಬೇಕು, ಜಾಗ ಬದಲಿಸಬೇಕು. ತರಂಗದ ಜಾಡು ಹಿಡಿಯುವ ವ್ಯಾನುಗಳು ಬೀದಿಯಲ್ಲಿ ಸುತ್ತುತ್ತಿದ್ದವು. ಜರ್ಮನರು ಒಂದೊಂದೇ ಕಟ್ಟಡದ ವಿದ್ಯುತ್ ಕಡಿದು, ಯಾವಾಗ ಸಂದೇಶ ನಿಲ್ಲುತ್ತದೆ ಎಂದು ಆಲಿಸುತ್ತಿದ್ದರು. ಚರ್ಮ ಸಿಗದೆ ಪಾದರಕ್ಷೆಗಳಿಗೆ ಮರದ ಅಟ್ಟೆ ಹಾಕುತ್ತಿದ್ದ ಕಾಲ ಅದು. ಮೆಟ್ಟಿಲ ಮೇಲೆ ಟಕಟಕ ಸದ್ದು ಕೇಳಿದರೆ ನೆರೆಮನೆಯವರು. ಸದ್ದು ಬೇರೆಯಾಗಿದ್ದರೆ, ಬೂಟು. ಕತ್ತಲಲ್ಲಿ ಕುಳಿತ ನಿಮ್ಮ ಹುಡುಗನ ಕಿವಿಗೆ ಇಷ್ಟು ಕೊಡಿ. ‘ಭಯ ಅವನನ್ನು ಆವರಿಸಿತು’ ಎಂಬ ಮಾತೇ ಬೇಕಾಗುವುದಿಲ್ಲ.

ವಿಚಾರಣೆಯ ಕೋಣೆಯಲ್ಲಿ ಅವನು ಒಂದೂವರೆ ಪುಟ ಭಾಷಣ ಮಾಡುತ್ತಾನೆ. ಅದನ್ನು ತೆಗೆದುಹಾಕಿ. ಶಾರ್ತ್ರ್ ಪಟ್ಟಣದಲ್ಲಿ ಪ್ರಿಫೆಕ್ಟ್, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥ ಹುದ್ದೆಯಲ್ಲಿದ್ದ ಜ್ಯಾಂ ಮೂಲಾಂ ಅವರ ಮುಂದೆ 1940ರ ಜೂನ್ 17ರಂದು ಜರ್ಮನರು ಒಂದು ಕಾಗದ ಇಟ್ಟರು. ಬಾಂಬ್ ದಾಳಿಯಲ್ಲಿ ಸತ್ತವರ ಹೆಣ ತೋರಿಸಿ, ಫ್ರೆಂಚ್ ಸೇನೆಯ ಸೆನೆಗಲ್ ಸೈನಿಕರೇ ಅತ್ಯಾಚಾರ ಮಾಡಿ ಕೊಂದರೆಂದು ಅದರಲ್ಲಿ ಬರೆದಿತ್ತು. ಮೂಲಾಂ ಸಹಿ ಹಾಕಲಿಲ್ಲ. ಇಡೀ ದಿನ ಹೊಡೆದರು. ಮರುದಿನ ತಾನು ಎಲ್ಲಿ ಸೋತು ಸಹಿ ಹಾಕಿಬಿಡುತ್ತೇನೋ ಎಂದು ಹೆದರಿ, ಆ ರಾತ್ರಿ ಕೋಣೆಯಲ್ಲಿ ಬಿದ್ದಿದ್ದ ಗಾಜಿನ ಚೂರಿನಿಂದ ಕತ್ತು ಕೊಯ್ದುಕೊಂಡರು. ಹೇಗೋ ಬದುಕುಳಿದರು. ಡಿ ಗಾಲ್ ಇನ್ನೂ ಲಂಡನ್ನಿನಿಂದ ಮಾತನಾಡಿರಲೇ ಇಲ್ಲ. ಯಾರ ಕರೆಯೂ ಇಲ್ಲದೆ ಒಬ್ಬ ಅಧಿಕಾರಿ ಒಂದು ಸಹಿಯನ್ನು ನಿರಾಕರಿಸಿದ್ದ. ಚದುರಿಹೋಗಿದ್ದ ಪ್ರತಿರೋಧ ಗುಂಪುಗಳನ್ನು ಮುಂದೆ ಒಂದುಗೂಡಿಸಿದವರು ಇವರೇ. 1943ರ ಜೂನ್ 21ರಂದು ಲಿಯಾನ್ ಅಂಚಿನ ಕಾಲ್ವೀರ್‌ನಲ್ಲಿ ಸಿಕ್ಕಿಬಿದ್ದು, ಚಿತ್ರಹಿಂಸೆಗೆ ಜರ್ಜರಿತರಾಗಿ, ಜುಲೈನಲ್ಲಿ ಜರ್ಮನಿಗೆ ಸಾಗಿಸುವಾಗ ತೀರಿಕೊಂಡರು. ನಿಮ್ಮ ಹುಡುಗ ಅದೇ ವರ್ಷ, ಅದೇ ಊರಿನಲ್ಲಿ ಸಿಕ್ಕಿಬೀಳುತ್ತಾನೆ. ಬಲ್ಲ ಓದುಗರು ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅವನು ಮೌನವಾಗಿರಲಿ.

ನೂರ್ ಇನಾಯತ್ ಖಾನ್ ಅವರನ್ನು ‘ಮೈಸೂರು ಹುಲಿಯ ಕುಡಿ’ ಎಂದು ಅರ್ಧ ಪುಟಕ್ಕೆ ಕರೆತಂದಿದ್ದೀರಿ. ಕನ್ನಡದ ಓದುಗರಿಗೆ ಹತ್ತಿರವಾಗಲೆಂಬ ನಿಮ್ಮ ಆಸೆ ಅರ್ಥವಾಗುತ್ತದೆ. ಟಿಪ್ಪುವಿನ ವಂಶದ ನಂಟು ನಿಜ. ಆದರೆ ಅವರು ಡಿ ಗಾಲ್ ಪಡೆಯವರಲ್ಲ, ಬ್ರಿಟಿಷರ ಗುಪ್ತ ಸಂಸ್ಥೆ ಕಳುಹಿಸಿದವರು. ಹುಲಿಯಂತೆ ಗರ್ಜಿಸಿದವರೂ ಅಲ್ಲ. ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದ ಮೃದು ಸ್ವಭಾವದ ಹೆಣ್ಣುಮಗಳು. ಜೊತೆಗಾರರೆಲ್ಲ ಸೆರೆಸಿಕ್ಕಿದ ಮೇಲೂ ಮರಳಿ ಬರಲೊಪ್ಪದೆ ಪ್ಯಾರಿಸ್ಸಿನಲ್ಲಿ ಒಬ್ಬರೇ ಉಳಿದು ಸಂದೇಶ ಕಳುಹಿಸಿದರು. 1944ರ ಸೆಪ್ಟೆಂಬರಿನಲ್ಲಿ ಡಖಾವ್ ಶಿಬಿರದಲ್ಲಿ ಅವರನ್ನು ಕೊಂದರು. ಅವರ ಕಥೆಯನ್ನು ಪ್ರತ್ಯೇಕವಾಗಿ ಬರೆಯಿರಿ. ಇಲ್ಲಿಂದ ತೆಗೆಯಿರಿ.

ಕೊನೆಯ ಪುಟದಲ್ಲಿ ಪ್ಯಾರಿಸ್ಸಿಗೆ ‘ಫ್ರಾನ್ಸಿನ ಮಕ್ಕಳು’ ಬರುತ್ತಾರೆ, ‘ಜರ್ಮನ್ ರಕ್ತವೇ ವಿಷ’ ಎಂಬ ಉದ್ಗಾರವೂ ಇದೆ. 1944ರ ಆಗಸ್ಟ್ 24ರ ರಾತ್ರಿ ಪುರಭವನವನ್ನು ಮೊದಲು ತಲುಪಿದ್ದು ಜನರಲ್ ಲೆಕ್ಲೇರ್ ಅವರ ಫ್ರೆಂಚ್ ದಳದ ಒಂಬತ್ತನೆಯ ಕಂಪನಿ. ಅದರಲ್ಲಿ ಹೆಚ್ಚಿನವರು ಅಂತರ್ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೋಗೆ ಸೋತು ನೆಲೆ ಕಳೆದುಕೊಂಡ ಸ್ಪೇನಿನವರು. ವಾಹನಗಳ ಮೇಲೆ ಬರೆದಿದ್ದ ಹೆಸರುಗಳು ಗ್ವಾದಲಹಾರ, ತೆರುವೆಲ್, ಆ ಅಂತರ್ಯುದ್ಧದ ಕದನಗಳವು. ಲೆಕ್ಲೇರ್ ಎಂಬುದೂ ಊರಲ್ಲಿ ಉಳಿದ ಹೆಂಡತಿ ಮಕ್ಕಳನ್ನು ಕಾಪಾಡಲು ಇಟ್ಟುಕೊಂಡ ಹೆಸರು. ಅದೇ ದಳವನ್ನು ಕಟ್ಟುವಾಗ, ಮೊದಲಿನಿಂದಲೂ ಜೊತೆಗಿದ್ದ ಆಫ್ರಿಕಾದ ಕಪ್ಪು ಸೈನಿಕರನ್ನು ಹೊರಗಿಟ್ಟರು. ಅದೂ ಸತ್ಯ, ಅದನ್ನು ಮುಚ್ಚಬೇಡಿ. ಅರ್ಮೇನಿಯಾದ ಅನಾಥ, ಕವಿ, ಪ್ಯಾರಿಸ್ಸಿನ ಪ್ರತಿರೋಧ ಗುಂಪೊಂದರ ನಾಯಕ ಮಿಸಾಕ್ ಮನೂಶಿಯಾನ್ ಅವರನ್ನು ಅದೇ ವರ್ಷದ ಫೆಬ್ರವರಿ 21ರಂದು ಜರ್ಮನರು 21 ಸಂಗಾತಿಗಳೊಂದಿಗೆ ಗುಂಡಿಟ್ಟು ಕೊಂದರು. ಜರ್ಮನ್ ಜನರ ಮೇಲೆ ತನಗೆ ದ್ವೇಷವಿಲ್ಲವೆಂದು ಅವರು ಹೆಂಡತಿಗೆ ಕೊನೆಯ ಪತ್ರದಲ್ಲಿ ಬರೆದಿದ್ದರು. ಅದನ್ನು ತಿಳಿದ ಮೇಲೆ ನಿಮ್ಮ ‘ವಿಷ’ದ ಸಾಲನ್ನು ಉಳಿಸಿಕೊಳ್ಳಲು ನಿಮಗೇ ಮನಸ್ಸಾಗದು.

ಪ್ಯಾರಿಸ್ ಬಿಡುಗಡೆಯ ಪುಟವನ್ನೇ ಬಿಟ್ಟು ಬರೆದು ನೋಡಿ. ಮೊದಲು ಜುಲೈ 3ರ ರಾತ್ರಿಯನ್ನು ಬರೆಯಿರಿ, ಅದಷ್ಟನ್ನೇ ನನಗೆ ಕಳುಹಿಸಿ, ಉಳಿದದ್ದು ಆಮೇಲೆ. ತಾಯಿ ಬಟ್ಟಲು ಇಡುವ ವಾಕ್ಯದಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡಿ.

ನಿಮ್ಮ ಪತ್ರದ ದಾರಿ ಕಾಯುತ್ತಾ,
ಸಂಪಾದಕ