ಪ್ರತಿಕ್ರಿಯೆ: ರಾಮನ್ ರೋಹಿತದಲ್ಲಿ ಇ. ಕೊಲೈ, ಸ್ಟ್ಯಾಫಿಲೊಕಾಕಸ್ ಎರಡಕ್ಕೂ ಒಂದೇ ದಿಬ್ಬ
ಇ. ಕೊಲೈ, ಸ್ಟ್ಯಾಫಿಲೊಕಾಕಸ್ ಎಂಬ ಎರಡು ಬ್ಯಾಕ್ಟೀರಿಯಾಗಳ ರಾಮನ್ ರೋಹಿತದಲ್ಲೂ (ಲೇಸರ್ ಬಿದ್ದಾಗ ಮಾದರಿಯಿಂದ ಚದುರುವ ಬೆಳಕಿನ ನಕ್ಷೆ) ಒಂದೇ ಅಗಲ ದಿಬ್ಬ ಬರುತ್ತಿದೆ ಎಂದು ಬರೆದಿದ್ದೀರಿ. ಆ ದಿಬ್ಬ ಬಹುಮಟ್ಟಿಗೆ ಗಾಜಿನ ಸ್ಲೈಡಿನದು, ಬ್ಯಾಕ್ಟೀರಿಯಾದ್ದಲ್ಲ. 785 ನ್ಯಾನೋಮೀಟರ್ ಲೇಸರ್ ಬಿದ್ದಾಗ ಸಾಮಾನ್ಯ ಗಾಜು ಸುಮಾರು 1400 cm⁻¹ (ರೋಹಿತದ ಅಡ್ಡ ಅಕ್ಷದ ಏಕಮಾನ; ಮುಂದೆ ಬರುವ 520, 1003 ಕೂಡ ಇದರಲ್ಲೇ) ಆಸುಪಾಸಿನಲ್ಲಿ ಹೊಳೆಯುತ್ತದೆ. ಯಾವ ಬ್ಯಾಕ್ಟೀರಿಯಾ ಇಟ್ಟರೂ ಒಂದೇ ಚಿತ್ರ ಬರುತ್ತಿರುವುದು ಅದಕ್ಕೇ.

ಮೊದಲು ಖಾಲಿ ಸ್ಲೈಡನ್ನೇ ಅಳೆಯಿರಿ. ಅಲ್ಲೂ ದಿಬ್ಬ ಕಂಡರೆ ಕ್ಯಾಲ್ಸಿಯಂ ಫ್ಲೋರೈಡ್ ಸ್ಲೈಡ್ ಬಳಸಿ. ಅದು ದುಬಾರಿ; ಗಾಜಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದರೂ ಪರೀಕ್ಷೆಗೆ ಸಾಕು. ಬಳಿಕ ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ತಳಕ್ಕಿಳಿಸಿ), ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆದು, ದಪ್ಪನೆಯ ಒಂದು ಹನಿಯನ್ನು ಒಣಗಿಸಿ. ಯಾವ ಮಾಧ್ಯಮದಲ್ಲಿ ಬೆಳೆಸಿದಿರಿ ಎಂದು ನೀವು ಬರೆದಿಲ್ಲ. ಬ್ರಾತ್ (ಪೋಷಕ ದ್ರವ) ಅಥವಾ ಬ್ಲಡ್ ಅಗರ್‌ನ (ರಕ್ತ ಬೆರೆಸಿದ ಗಟ್ಟಿ ಮಾಧ್ಯಮ) ಅಂಶ ಉಳಿದಿದ್ದರೆ ಅದೂ ಹಿನ್ನೆಲೆ ಬೆಳಕನ್ನು ಏರಿಸುತ್ತದೆ, ಹಾಗಾಗಿ ತೊಳೆಯುವುದರಲ್ಲಿ ಜಿಪುಣತನ ಬೇಡ.

ಉಪಕರಣದ ಅಳತೆ ಸರಿಯಿದೆಯೇ ಎಂದು ತಿಳಿಯಲು, ಸಿಲಿಕಾನ್ ಬಿಲ್ಲೆಯ ಶಿಖರ 520ರ ಬಳಿಯೇ ಇದೆಯೇ ಎಂದು ಆ ದಿನವೇ ನೋಡಿಕೊಳ್ಳಿ; ಎಲ್ಲರೂ ಮರೆಯುವ ಹೆಜ್ಜೆ ಇದು. ನಂತರ ಮಾದರಿಯಲ್ಲಿ 1003ರ ಸುತ್ತ ಫಿನೈಲ್ಅಲನೀನ್‌ನ (ಪ್ರೋಟೀನ್‌ಗಳಲ್ಲಿರುವ ಒಂದು ಅಮೈನೋ ಆಮ್ಲ) ಚೂಪಾದ ಶಿಖರ ಎದ್ದರೆ ಕೋಶಗಳ ಸಂಕೇತ ಸಿಕ್ಕಿತು ಎಂದರ್ಥ. ಹಿನ್ನೆಲೆ ಇನ್ನೂ ಎತ್ತರವಿದ್ದರೆ ಅದು ತಗ್ಗಲೆಂದು ಅದೇ ಜಾಗಕ್ಕೆ ಒಂದೆರಡು ನಿಮಿಷ ಲೇಸರ್ ಹಾಯಿಸಿ ಮತ್ತೆ ಅಳೆಯಿರಿ. ಲೇಸರ್‌ನ ಶಕ್ತಿ ಮಾತ್ರ ಹೆಚ್ಚಿಸಬೇಡಿ, ಮಾದರಿ ಸುಟ್ಟುಹೋಗುತ್ತದೆ.

ಎರಡು ಪ್ರಭೇದಗಳ ವ್ಯತ್ಯಾಸ ಬರಿಗಣ್ಣಿಗೆ ಕಾಣದಿರಬಹುದು. ಪ್ರತಿಯೊಂದನ್ನೂ ಬೇರೆ ಬೇರೆ ದಿನ ಬೆಳೆಸಿ ಪಡೆದ ಹಲವು ರೋಹಿತಗಳನ್ನು ಸೇರಿಸಿ, ಹಿನ್ನೆಲೆ ಕಳೆದು, ಆಮೇಲೆ ಪ್ರಧಾನ ಘಟಕ ವಿಶ್ಲೇಷಣೆಗೆ (ರೋಹಿತಗಳ ನಡುವಿನ ಮುಖ್ಯ ವ್ಯತ್ಯಾಸಗಳನ್ನು ಹೆಕ್ಕುವ ಗಣಿತ ವಿಧಾನ) ಹಾಕಿ.